ಲಿಯುಕೋ ಬಂದರಿನ ಆಳದ ಹಗ್ಗ

ದಾಜೋಂಗ್ ಶಕೆ, ಎಂಟನೆಯ ವರ್ಷ, ಎರಡನೆಯ ತಿಂಗಳು, ಎರಡನೆಯ ದಿನ

ಹೊಸ ಹಗ್ಗ ಕಟ್ಟಿ ಆಯಿತು. ಇದು ನನ್ನ ಇಪ್ಪತ್ತಾರನೆಯ ಹಗ್ಗ.

ನಾಗರಾಜನ ಗುಡಿಯ ಮುಂದೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಎರಡೂ ತೋಳು ಚಾಚಿ ಮಾರು ಅಳೆದು, ಮಾರಿಗೊಂದು ಗಂಟು ಹಾಕಿ ಕೆಂಪು ಬಟ್ಟೆ ಸುತ್ತಿದೆ. ಊರೆಲ್ಲ ಪದ್ಧತಿಯಂತೆ ನನಗೆ ಬೆನ್ನು ಹಾಕಿ ನದಿಯ ಕಡೆ ಮುಖ ಮಾಡಿ ನಿಂತಿತ್ತು. ಆಳ ನೋಡುವವನು ಮಾರು ಹಾಕುವುದನ್ನು ಯಾರೂ ನೋಡಬಾರದು. ನೋಡಿದರೆ ಅಳತೆಗೆ ದೃಷ್ಟಿ ತಾಗುತ್ತದೆ. ಇಪ್ಪತ್ತೈದು ವರ್ಷ ಒಬ್ಬನೂ ನೋಡಿರಲಿಲ್ಲ.

ಇವತ್ತು ಒಬ್ಬ ತಿರುಗಿ ನೋಡಿದ. ಬೇರೆ ಯಾರೂ ಅಲ್ಲ, ನನ್ನ ಅಳಿಯ ನುರಿ. ನಾಲ್ಕನೆಯ ಗಂಟು ಹಾಕಿ ತಲೆ ಎತ್ತಿದರೆ ಅವನ ಕಣ್ಣು ನೇರ ನನ್ನ ತೋಳಿನ ಮೇಲಿತ್ತು. ಸಿಕ್ಕಿಬಿದ್ದವನು ನಾಚಿಕೊಂಡು ಮುಖ ತಿರುಗಿಸಬೇಕೋ ಬೇಡವೋ? ಇವನು ನೀರಿಗೇ ಇಳಿದು ಬಂದ.

“ಮಾವ, ಭುಜ ನೋಯ್ತಿದೆ ಅಲ್ವಾ? ನರಳಿದ್ದು ಕೇಳಿಸ್ತು. ಒಂದು ತುದಿ ನಾನು ಹಿಡ್ಕೊಳ್ಲಾ?”

“ಹಿಡ್ಕೋತೀಯಪ್ಪ, ಹಿಡ್ಕೋತೀಯ. ಇವತ್ತು ತುದಿ, ನಾಳೆ ಹಗ್ಗ, ನಾಡಿದ್ದು ನನ್ನ ದೋಣಿ. ಹೋಗಿ ಅತ್ಲಾಗೆ ತಿರುಗಿ ನಿಂತ್ಕೊ.”

ಬಲ ಭುಜ ಚಳಿಗಾಲದಿಂದ ಹಿಡಿದುಕೊಂಡಿರುವುದು ನಿಜ. ಅದಕ್ಕೇನಂತೆ? ಹತ್ತು ಮಾರೂ ನಾನೇ ಕಟ್ಟಿದೆ.

ಈ ನುರಿ ಸಿಲ್ಲಾ ದೇಶದವನು. ಅವನ ಊರೂ ಒಂದು ಬಂದರಂತೆ. ಅಲ್ಲಿಯ ದೊರೆ ಅದನ್ನು ಮುಚ್ಚಿಸಿ ಜನರನ್ನೆಲ್ಲ ಒಳನಾಡಿಗೆ ಗದ್ದೆ ಉಳಲು ಅಟ್ಟಿದನಂತೆ. ಇವನು ಮಾತ್ರ ತಪ್ಪಿಸಿಕೊಂಡು ಸಮುದ್ರ ದಾಟಿ ಬಂದು, ನನ್ನ ದೋಣಿಗೆ ಹುಟ್ಟು ಹಾಕುವವನಾಗಿ ಸೇರಿ, ಹೋದ ವರ್ಷ ನನ್ನ ಒಬ್ಬಳೇ ಮಗಳು ಸುಯ್‌ಳ ಮನಸ್ಸು ಗೆದ್ದ. ಬೆರಳು ತೋರಿಸಿದರೆ ಹಸ್ತ ನುಂಗುವವರು ಎಂದರೆ ಇವರೇ.

ನಾನೂ ಈ ಮನೆಗೆ ಅಳಿಯನಾಗಿಯೇ ಬಂದವನು, ಸರಿ. ಆದರೆ ನನ್ನ ಮಾವ ನನ್ನ ಜಾತಕ ಕೇಳಲಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿ ತೋಳು ಚಾಚಿಸಿ ತಮ್ಮ ಹಗ್ಗ ಹಿಡಿದು ನೋಡಿದರು. ಗಂಟಿಗೆ ಗಂಟು ಕೂಡಿತು. ಅದಾದ ಮೇಲೇ ಮಗಳನ್ನು ಕೊಟ್ಟರು. ನುರಿಯನ್ನು ನಾನು ಅಳೆದು ನೋಡಿಲ್ಲ. ನೋಡುವುದೂ ಇಲ್ಲ.

ಇದೆಲ್ಲ ಬಾಯಿಬಿಟ್ಟು ಹೇಳುವಂಥದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಆದರೂ ಇರಲಿ ಎಂದು ಉಪ್ಪಿನಕಾಯಿಯ ಖಾಲಿ ಜಾಡಿಯಲ್ಲಿ ಇಡುತ್ತೇನೆ.

ಎರಡನೆಯ ತಿಂಗಳು, ಒಂಬತ್ತು

ಹಿತ್ತಿಲಲ್ಲಿ ಬಟ್ಟೆ ಒಣಗುತ್ತಿತ್ತು. ಹಗ್ಗದಲ್ಲಿ ಕೆಂಪು ಗಂಟುಗಳು! ಹೋದ ವರ್ಷದ ಹಗ್ಗವನ್ನು ಕಲ್ಲು ಕಟ್ಟಿ ನದಿಗೆ ಒಪ್ಪಿಸಿ ಬಾ ಎಂದು ಹೆಂಡತಿ ಚೀನಿಯಾಂಗ್ ಕೈಯಲ್ಲಿ ಕೊಟ್ಟಿದ್ದೆ. ಮಹಾತಾಯಿ ಮೂರು ಮಾರು ಕತ್ತರಿಸಿ ಇಟ್ಟುಕೊಂಡಿದ್ದಾಳೆ.

“ಏನೇ ಇದು? ನದಿಗೆ ಕೊಡೋದನ್ನ ಕದ್ದಿದೀಯಲ್ಲ!”

“ಏಳು ಮಾರು ಕೊಟ್ಟೆ ಕಣ್ರೀ. ನದಿಗೇನು ಬಟ್ಟೆ ಒಣಹಾಕೋದಿದ್ಯಾ? ನನಗಿದೆ.”

ಇಂಥವಳ ಜೊತೆ ಮೂವತ್ತು ವರ್ಷ ಬಾಳಿದ್ದೇನೆ. ಕಿತ್ತುಹಾಕು ಎಂದೆ. ಒಣಗಲಿ ಎಂದಳು.

ಸಂಜೆ ನುರಿ ಒಂದು ಭರಣಿ ತಂದುಕೊಟ್ಟ. ಕರಡಿ ಕೊಬ್ಬಿನ ಮುಲಾಮಂತೆ, ಭುಜಕ್ಕೆ ಹಚ್ಚಬೇಕಂತೆ. ನನ್ನ ಭುಜದ ಚಿಂತೆ ಇವನಿಗೇಕೆ? ವಾಸನೆ ನೋಡಿ ಅಟ್ಟಕ್ಕೆ ಎಸೆದೆ.

ಮೂರನೆಯ ತಿಂಗಳು, ಹದಿನೇಳು

ಸೀಸದ ಗುಂಡಿನ ಬುಡಕ್ಕೆ ಹಂದಿಯ ಕೊಬ್ಬು ಮೆತ್ತಿ ನೀರಿಗೆ ಬಿಟ್ಟರೆ ತಳದ ಮಣ್ಣು ಅಂಟಿಕೊಂಡು ಬರುತ್ತದೆ. ಕಣ್ಣು ಕಟ್ಟಿ ಬಿಟ್ಟರೂ ಆ ಮಣ್ಣನ್ನು ನಾಲಿಗೆಗೆ ಇಟ್ಟು ನಾನು ಎಲ್ಲಿದ್ದೇನೆಂದು ಹೇಳಬಲ್ಲೆ. ನಮ್ಮ ಅಳಿವೆಯದು ಕಪ್ಪು ಜೇಡಿ, ಸ್ವಲ್ಪ ಒಗರು.

ಈ ತಿಂಗಳು ಏಳು ಸಲ ಬಿಳಿ ಮರಳು ಬಂತು. ರುಚಿಯೇ ಇಲ್ಲ. ನಮ್ಮ ನೀರಿನ ಮರಳಲ್ಲ ಅದು.

ಆದರೆ ಹಗ್ಗ ಮೂರು ಮಾರು ಹೇಳುತ್ತದೆ. ಹೋದ ವರ್ಷವೂ ಇಳಿತದ ಹೊತ್ತಿಗೆ ಮೂರೇ ಇತ್ತು. ಮರಳು ಬಂದರೂ ಆಳ ಒಂದು ಬೆರಳೂ ತಗ್ಗಿಲ್ಲ! ಇದನ್ನು ಬಂದರಿನ ಯಜಮಾನ ಪೆಯ್‌ಗೆ ಹೇಳಿದಾಗ ಬೆನ್ನು ತಟ್ಟಿದ.

ಮರಳು ತಂದು ಸುರಿಯುವವರು ಯಾರೆಂದು ನನಗೆ ಗೊತ್ತು. ಎದುರು ದಡದ ನಾನ್‌ಶಾ. ನಿನ್ನೆ ಮೊನ್ನೆಯವರೆಗೆ ಅಲ್ಲಿ ಜೊಂಡು ಕೊಯ್ಯುವವರ ನಾಲ್ಕು ಗುಡಿಸಲಿದ್ದವು. ಈಗ ಧಕ್ಕೆ ಕಟ್ಟಿದ್ದಾರೆ, ಚಹಾದ ಅಂಗಡಿ ಇಟ್ಟಿದ್ದಾರೆ, ಗುಡಿಗೆ ಬಣ್ಣವನ್ನೂ ಬಳಿದಿದ್ದಾರೆ. ದೋಣಿಗಟ್ಟಲೆ ಮರಳು ತಂದು ನಮ್ಮ ಬಾಯಿಗೆ ಹಾಕುತ್ತಿರುವವರು ಅವರೇ. ನುರಿಗೆ ಹೇಳಿದೆ.

“ನದೀನೇ ತರ್ತಿದೆ ಮಾವ. ನಮ್ಮೂರಲ್ಲಿ ದೊರೆ ಬಂದರನ್ನ ಮುಚ್ಚಿದ. ಇಲ್ಲಿ ನೀರೇ ಮುಚ್ತಾ ಇದೆ.”

“ನಿನ್ನ ಬಾಯಿಗೆ ಉಗೀಬೇಕು. ನಾನ್‌ಶಾದಲ್ಲಿ ನಿಮ್ಮ ಸಿಲ್ಲಾದವರು ಎಷ್ಟು ಜನ ಇದಾರೆ?”

“ಹತ್ತು ಮನೆ.”

“ಹೋಗ್ತಿರ್ತೀಯ?”

“ಹಬ್ಬಕ್ಕೆ ಹೋಗ್ತೀನಿ. ಯಾಕೆ ಮಾವ?”

ಯಾಕೆ ಮಾವ ಅಂತೆ. ಏನೂ ಅರಿಯದ ಮಗು.

ನಾಲ್ಕನೆಯ ತಿಂಗಳು, ಐದು

ಉಪ್ಪಿನ ದೋಣಿಯೊಂದರ ತಳ ಅಳಿವೆಯಲ್ಲಿ ತಾಗಿತು. ನನ್ನ ಹಗ್ಗದ ಪ್ರಕಾರ ತಾಗಬಾರದು. ದೋಣಿಯವನು ಕುಡಿದಿದ್ದ ಎಂದು ಹೇಳಿ ಮುಗಿಸಿದೆ.

ಆದರೆ ಅವನು ಕುಡಿದಿರಲಿಲ್ಲ. ಬಾಯಿಯ ಹತ್ತಿರ ಹೋಗಿ ಮೂಸಿ ನೋಡಿದ್ದೆ.

ಹಗ್ಗವನ್ನು ಸಂಜೆ ತೊಳೆದು ಒಣಗಿಸಿ ಸುತ್ತಿಡುವವನು ನುರಿ. ಗಂಟನ್ನು ಒಂದು ಗೇಣು ಈಚೆಗೆ ಸರಿಸಿ ಕಟ್ಟಿದರೆ ಯಾರಿಗೆ ತಿಳಿಯುತ್ತದೆ? ಗಂಟು ಹತ್ತಿರ ಬಂದಷ್ಟೂ ನೀರು ಹೆಚ್ಚು ಆಳ ಎಂದು ತೋರುತ್ತದೆ. ನಾನು ‘ಮೂರು ಮಾರು’ ಎಂದು ಕೂಗುತ್ತೇನೆ, ಹಡಗು ಬಂದು ನೆಲ ಕಚ್ಚುತ್ತದೆ, ಲಿಯುಕೋದ ಹೆಸರು ಕೆಡುತ್ತದೆ, ನಾನ್‌ಶಾ ನಗುತ್ತದೆ.

ನನ್ನ ತಲೆಯ ಒಂದು ಬಿಳಿ ಕೂದಲು ಕಿತ್ತು ಎರಡನೆಯ ಗಂಟಿನ ಸುರುಳಿಯಲ್ಲಿ ಸಿಕ್ಕಿಸಿದ್ದೇನೆ. ನೋಡೋಣ.

ನಾಲ್ಕನೆಯ ತಿಂಗಳು, ಎಂಟು

ಕೂದಲಿಲ್ಲ.

ಐದನೆಯ ತಿಂಗಳು, ಇಪ್ಪತ್ತೊಂದು



ಪಾರಸಿ ದೇಶದವರ ದೊಡ್ಡ ಹಡಗು ಬಂದಿತ್ತು. ಈ ವರ್ಷ ನಮ್ಮ ಬಂದರಿಗೆ ಬಂದ ದೊಡ್ಡ ಹಡಗು ಇದೊಂದೇ. ನದಿಯ ಮೇಲಿನ ಊರುಗಳ ಬಟ್ಟಲು ತುಂಬಿಕೊಂಡು ಸಮುದ್ರಕ್ಕೆ ಹೊರಟಿತ್ತು. ಅದು ತೇಲಲು ಎರಡೂಮುಕ್ಕಾಲು ಮಾರು ನೀರು ಬೇಕು. ಬೆಳಿಗ್ಗೆ ನಾನು ಹಗ್ಗ ಬಿಟ್ಟೆ, ಮೂರು ಬಂತು. ಎದೆಯುಬ್ಬಿಸಿ ಕೂಗಿದೆ. ಲಂಗರು ಎತ್ತಿದರು, ಹಾಯಿ ಬಿಚ್ಚಿದರು. ಅಳಿವೆಯ ನಡುವೆ ಬಂದದ್ದೇ ತಡ, ಕಟಕಟ ಎಂದು ನಿಂತು ಬಿಟ್ಟಿತು. ಇಳಿತದಲ್ಲಿ ನೀರು ಇನ್ನೂ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಹಡಗು ಒಂದು ಮಗ್ಗುಲಿಗೆ ಮಲಗಿತು. ಒಳಗೆ ಜಾಡಿಗಳಲ್ಲಿ ಹುಲ್ಲು ಸುತ್ತಿ ಜೋಡಿಸಿದ್ದ ಬಟ್ಟಲುಗಳು ಒಡೆಯುವ ಸದ್ದು ಧಕ್ಕೆಯವರೆಗೂ ಕೇಳಿಸುತ್ತಿತ್ತು.

ಪಾರಸಿ ಯಜಮಾನ ದಡಕ್ಕೆ ಬಂದು ನನ್ನನ್ನೇ ನೋಡಿದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮೂರು ಅಂದ್ಯಲ್ಲ ಅಣ್ಣ,” ಎಂದ. ಅಷ್ಟೇ.

ಈಗ ಅನುಮಾನವಲ್ಲ, ನನಗೆ ಖಾತ್ರಿ.

ಐದನೆಯ ತಿಂಗಳು, ಇಪ್ಪತ್ತನಾಲ್ಕು

ವಿಚಾರಣೆ ಮುಗಿಯಿತು. ಬಂದರಿನ ಅಂಗಳದಲ್ಲಿ ಪೆಯ್ ಕೂತಿದ್ದ. ಹಗ್ಗ ಸುಳ್ಳು ಹೇಳಿದ್ದಕ್ಕೆ ಯಾರೋ ಒಬ್ಬರು ಉತ್ತರ ಕೊಡಲೇಬೇಕಿತ್ತು. ನಾನು ಇದ್ದದ್ದು ಇದ್ದಂತೆ ಹೇಳಿದೆ: ಗಂಟು ಕಟ್ಟುವಾಗ ಅಳಿಯ ಕದ್ದು ನೋಡಿದ್ದು, ಕೂದಲು ಕಾಣೆಯಾಗಿದ್ದು, ನಾನ್‌ಶಾದಲ್ಲಿ ಅವನ ನಂಟರು ಇರುವುದು. ಒಂದೂ ಸುಳ್ಳಲ್ಲ.

ಪೆಯ್ ಕೇಳಿದ: “ಏನಯ್ಯ, ಹಗ್ಗ ಮುಟ್ಟಿದ್ಯಾ?”

ನುರಿ ನನ್ನ ಕಡೆ ನೋಡಿದ. ಮುಖ ಅಲ್ಲ, ಭುಜ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ತನ್ನದು ಬಿಟ್ಟು ನನ್ನ ಹೆಗಲು ನೋಡಿದ, ಎಂಥ ಜಾಣ! ಆಮೇಲೆ ತಲೆ ಬಗ್ಗಿಸಿದ.

“ದಿನಾ ಮುಟ್ತೀನಿ. ತೊಳೆಯೋನು ನಾನೇ. ಗಂಟು ಮುಟ್ಟಿಲ್ಲ.”

“ಮತ್ತೆ ಹಡಗು ಯಾಕೆ ಕೂತ್ಕೊಂಡ್ತು?”

ಉತ್ತರವಿಲ್ಲ. ಮಾತು ಬಲ್ಲವನು ಮೌನವಾದರೆ ಅರ್ಥವೇನು?

ಹತ್ತು ಏಟು ಹೊಡೆದರು. ಲಿಯುಕೋದ ಧಕ್ಕೆಗೆ ಮತ್ತೆ ಕಾಲಿಡಬಾರದೆಂದು ಹೇಳಿದರು. ಏಳನೆಯ ಏಟಿಗೆ ಸುಯ್ ಅಂಗಳಕ್ಕೆ ನುಗ್ಗಿದಳು. ಅವಳಿಗೆ ಈಗ ನಾಲ್ಕು ತಿಂಗಳು. ಚೀನಿಯಾಂಗ್ ಹಿಡಿದು ಎಳೆದುಕೊಂಡು ಹೋದಳು.

ಸಂಜೆ ಸುಯ್ ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು.

“ಅಪ್ಪಾ, ನಿಮ್ಮ ಅನುಮಾನಕ್ಕೆ ಯಾವತ್ತಾದ್ರೂ ಹೊಟ್ಟೆ ತುಂಬುತ್ತಾ?”

ಹೋಗುವವಳು ಸುಮ್ಮನೆ ಹೋಗಬಹುದಿತ್ತು.

ಆರನೆಯ ತಿಂಗಳು, ಮೂರು

ಸೆಕೆ. ಹೆಂಡತಿ ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ. ಊರಿನ ಎಲ್ಲ ಮನೆಯಲ್ಲೂ ಈಗ ಆ ಹಡಗಿನ ಬಟ್ಟಲುಗಳೇ. ಅಂಚು ಒಡೆದವು, ಬಿರುಕು ಬಿಟ್ಟವು, ಒಳಗೆ ಹಕ್ಕಿ ಬರೆದವು. ಚೀನಿಯಾಂಗ್ ನನಗೂ ಒಂದರಲ್ಲಿ ಗಂಜಿ ಹಾಕಿ ಇಟ್ಟಳು. ಬಿರುಕಿನಿಂದ ಸೋರಿ ಮೇಜೆಲ್ಲ ಆಯಿತು. ಬೇಕೆಂದೇ ಮಾಡಿದಳೋ ಏನೋ.

ಎಂಟನೆಯ ತಿಂಗಳು, ಹತ್ತೊಂಬತ್ತು

ಮತ್ತೆ ಎರಡು ದೋಣಿ ತಳ ತಾಗಿಸಿಕೊಂಡವು.

ನುರಿ ಹೋಗಿ ಮೂರು ತಿಂಗಳಾಯಿತು. ಹಗ್ಗ ಈಗ ನನ್ನ ಹಾಸಿಗೆಯ ಕೆಳಗೇ ಮಲಗುತ್ತದೆ. ನಾನೇ ತೊಳೆಯುತ್ತೇನೆ, ನಾನೇ ಒಣಗಿಸುತ್ತೇನೆ. ಹಾಗಾದರೆ ಯಾರು? ಹೊಸದಾಗಿ ಹುಟ್ಟು ಹಾಕಲು ಬಂದಿರುವ ಗಾವ್‌ನ ಮೇಲೆ ಕಣ್ಣಿಟ್ಟಿದ್ದೇನೆ. ಸೀಸದ ಗುಂಡು ಮಾಡಿಕೊಟ್ಟ ಕಮ್ಮಾರನೂ ನಂಬುವ ಆಸಾಮಿಯಲ್ಲ. ಪೆಯ್ ನನ್ನನ್ನು ಕಂಡರೆ ಈಗ ಚಹಾ ಕುಡಿ ಎನ್ನುವುದಿಲ್ಲ. ಮನೆಯೊಳಗೆ ಇರುವವಳೊಬ್ಬಳು ಹೋದ ವರ್ಷದ ಹಗ್ಗ ಕದ್ದವಳು.

ಧಕ್ಕೆಯ ಮೇಲೆ ಹುಲ್ಲು ಬೆಳೆದಿದೆ. ಹಾಯಿ ಹೊಲಿಯುತ್ತಿದ್ದ ಅಣ್ಣತಮ್ಮಂದಿರು ಸೂಜಿ ಸಾಮಾನು ಕಟ್ಟಿಕೊಂಡು ನಾನ್‌ಶಾಕ್ಕೆ ಹೋದರು. ಹೋಗುವಾಗ ನನ್ನ ಮುಂದೆಯೇ ಹಾದು ಹೋದರು, ನಮಸ್ಕಾರ ಹೇಳಲಿಲ್ಲ.

ಹತ್ತನೆಯ ತಿಂಗಳು, ಹನ್ನೊಂದು

ಇದನ್ನು ಬರೆಯಬೇಕೋ ಬೇಡವೋ.

ಮಧ್ಯಾಹ್ನ ದೋಣಿಯಿಂದ ಬಂದವನಿಗೆ ಭುಜ ಸಿಡಿಯುತ್ತಿತ್ತು. ಹಗ್ಗವನ್ನು ಅಂಗಳದಲ್ಲಿ ಹಾಕಿ ಮಲಗಿಬಿಟ್ಟೆ. ಎದ್ದು ನೋಡಿದರೆ ಚೀನಿಯಾಂಗ್ ಅದನ್ನು ಒಣಗಲೆಂದು ಬಟ್ಟೆ ಒಣಹಾಕುವ ಹೋದ ವರ್ಷದ ಹಗ್ಗದ ಮೇಲೆ ಉದ್ದಕ್ಕೆ ಹರವಿದ್ದಳು. ಎರಡೂ ಹಗ್ಗ ಒಂದಕ್ಕೊಂದು ಅಂಟಿಕೊಂಡು, ಮೊದಲ ಗಂಟಿಗೆ ಮೊದಲ ಗಂಟು ಕೂಡಿಸಿ.

ಎರಡನೆಯ ಗಂಟು ಕೂಡಿರಲಿಲ್ಲ. ಈ ವರ್ಷದ್ದು ಒಂದು ಗೇಣು ಹಿಂದೆ. ಮೂರನೆಯದು ಎರಡು ಗೇಣು ಹಿಂದೆ.

ನನಗೆ ಮೊದಲು ಬಂದ ಯೋಚನೆ ಏನೆಂದು ಬರೆಯಲೇಬೇಕು. ಇವಳು ಬಟ್ಟೆಯ ಹಗ್ಗದ ಗಂಟು ಸರಿಸಿದ್ದಾಳೆ, ಅಳಿಯನ ಪರ ಸಾಕ್ಷಿ ಮಾಡುತ್ತಿದ್ದಾಳೆ ಎಂದುಕೊಂಡೆ. ಹೋಗಿ ಗಂಟು ಹಿಡಿದು ನೋಡಿದೆ. ಬಿಸಿಲು ಗಾಳಿಗೆ ಬಿಳಿಚಿದ ಬಟ್ಟೆ, ಕಲ್ಲಿನಂತೆ ಗಟ್ಟಿಯಾದ ಗಂಟು. ಎಡಕ್ಕೆ ಎರಡು ಸುತ್ತು, ಒಳಗೊಂದು ಕುಣಿಕೆ. ನನ್ನ ಗಂಟು. ನನ್ನ ಬಿಟ್ಟರೆ ಲೋಕದಲ್ಲಿ ಯಾರೂ ಹಾಗೆ ಹಾಕುವುದಿಲ್ಲ. ಅದನ್ನು ಯಾರೂ ಬಿಚ್ಚಿಲ್ಲ.

ಆಮೇಲೆ ಈ ವರ್ಷದ ಗಂಟು ಹಿಡಿದು ನೋಡಿದೆ. ಅದೂ ನನ್ನದೇ. ಅದನ್ನೂ ಯಾರೂ ಬಿಚ್ಚಿಲ್ಲ. ಕೂದಲನ್ನು ತೊಳೆಯುವ ನೀರೇ ಒಯ್ದಿರಬೇಕು.

ಹತ್ತನೆಯ ತಿಂಗಳು, ಹನ್ನೆರಡು

ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ತೋಳು ಚಾಚಿದೆ, ಹೋದ ವರ್ಷದ ಹಗ್ಗ ಹಿಡಿದು. ಎಡಗೈ ಗಂಟಿಗೆ ಮುಟ್ಟುತ್ತದೆ. ಬಲಗೈ ಮುಟ್ಟುವುದಿಲ್ಲ.

ಹತ್ತನೆಯ ತಿಂಗಳು, ಹದಿನಾರು

ನಾನ್‌ಶಾದಿಂದ ಸುದ್ದಿ ಬಂತು. ಸುಯ್‌ಗೆ ಹೆಣ್ಣು ಮಗು. ಚೀನಿಯಾಂಗ್ ಬಾತುಕೋಳಿಯ ಮೊಟ್ಟೆ ಬೇಯಿಸಿ ಬುಟ್ಟಿಗೆ ತುಂಬಿಕೊಂಡು ಹೊರಟಳು. ನನ್ನನ್ನು ಕರೆಯಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಅಟ್ಟ ಹತ್ತಿ ಆ ಮುಲಾಮಿನ ಭರಣಿ ಹುಡುಕಿದೆ. ಇಲಿ ಅರ್ಧ ತಿಂದಿತ್ತು. ಇಲಿ ಸತ್ತಿರಲಿಲ್ಲ.

ಹನ್ನೆರಡನೆಯ ತಿಂಗಳು, ನಾಲ್ಕು

ಎರಡು ತಿಂಗಳು ಹೆದರಿಕೊಂಡೇ ಕಳೆದೆ. ಇವತ್ತು ಪೆಯ್‌ನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ತೋಳು ಚಾಚಿ ತೋರಿಸಿದೆ. ಅವನು ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತಾ ಕೇಳಿಸಿಕೊಂಡ. ಆಶ್ಚರ್ಯವನ್ನೇ ಪಡಲಿಲ್ಲ.

“ನೋಡಪ್ಪ ಯು. ಹಗ್ಗ ಮೂರು ಅಂದ್ರೆ ನಾಲ್ಕು ಹಡಗು ಬಂದು ನೋಡ್ತಾವೆ. ಎರಡೂವರೆ ಅಂತ ಕೂಗಿದ್ರೆ ಇತ್ಲಾಗೆ ತಲೆ ಹಾಕಿ ಮಲಗೋದೂ ಇಲ್ಲ. ಆಮೇಲೆ ನಾನ್ಯಾರು, ನೀನ್ಯಾರು?”

“ಹಡಗು ಕೂತ್ಕೊಳ್ತಾವಲ್ಲ ಯಜಮಾನ್ರೇ.”

“ಎಲ್ಲಾ ಕೂರಲ್ಲ.”

“ಹುಡುಗನ ಬೆನ್ನ ಮೇಲೆ ಹತ್ತು ಏಟು...”

“ಬಿದ್ದ ಏಟನ್ನ ವಾಪಸ್ ತೆಗೆಯೋಕಾಗುತ್ತಾ? ನೀನೀಗ ಬಾಯಿ ಬಿಟ್ರೆ ಇನ್ನೂ ಹತ್ತು ಬೀಳುತ್ತೆ, ನಿನ್ನ ಬೆನ್ನಿಗೆ. ದೋಣೀನೂ ಹೋಗುತ್ತೆ. ಮನೆಗೆ ಹೋಗಿ ಬಿಸಿ ಗಂಜಿ ಕುಡಿದು ಮಲಗು.”

ವಿಚಾರಣೆಯ ದಿನವೇ ಅವನಿಗೆ ಗೊತ್ತಿತ್ತೇ? ಗೊತ್ತಿತ್ತೆಂದೇ ನನ್ನ ಅನುಮಾನ. ಆದರೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದರೆ ದಾರಿಯಲ್ಲಿ ನಾನೇ ಅಡ್ಡ ಸಿಗುತ್ತೇನೆ. ಅವನ ಕೈಗೆ ಕೋಲು ಕೊಟ್ಟವನು ನಾನು.

ಕೆಲಸ ಹೋಗುವುದಕ್ಕೆ ಹೆದರಿಕೆಯಾಗುತ್ತಿದೆ. ಆಳ ನೋಡದ ನಾನು ಏನು? ಮೂರು ಹೊತ್ತು ಕೆಮ್ಮುವ ಒಬ್ಬ ಮುದುಕ. ಗಂಜಿ ಕುಡಿದು ಮಲಗಿದರೆ ಯಾರಿಗೂ ತಿಳಿಯುವುದಿಲ್ಲ. ಹಾಗೆ ಮಾಡಬಹುದೆಂದು ಮನೆಯವರೆಗೂ ಯೋಚಿಸಿಕೊಂಡೇ ಬಂದೆ.

ಹನ್ನೆರಡನೆಯ ತಿಂಗಳು, ಐದು

ಚೀನಿಯಾಂಗ್‌ಗೆ ಹೇಳಿದೆ. ಬಟ್ಟೆಗೆ ತೇಪೆ ಹಾಕುತ್ತಿದ್ದವಳು ಸೂಜಿ ನಿಲ್ಲಿಸಲಿಲ್ಲ.

“ಅವತ್ತೇ ಕಂಡೆ, ಎರಡೂ ಹಗ್ಗ ಒಟ್ಟಿಗೆ ಹಾಕಿದಾಗ.”

“ಕಂಡವಳು ಹೇಳ್ಬಾರ್ದಾ?”

“ಹೇಳಿದ್ರೆ ನಾನೇ ಗಂಟು ಸರಿಸಿದೆ ಅಂತಿದ್ರಿ.”

ದಾರವನ್ನು ಹಲ್ಲಿನಿಂದ ಕಡಿದು ಅವಳೇ ಮುಂದುವರಿಸಿದಳು.

“ಮದುವೆಗೆ ನುರಿಗೆ ಅಂಗಿ ಹೊಲಿದೆನಲ್ಲ, ಆವಾಗ ತೋಳು ಅಳೆದಿದ್ದೆ. ನಿಮಗೆ ಹೊಲಿದ ಮೊದಲನೇ ಅಂಗೀದೇ ಅಳತೆ. ಒಂದು ದಾರದಷ್ಟೂ ಹೆಚ್ಚು ಕಮ್ಮಿ ಇಲ್ಲ.”

“ಅದನ್ನೂ ಹೇಳಲಿಲ್ಲ!”

“ನೀವು ಕೇಳಲಿಲ್ಲ.”

ಒಂಬತ್ತನೆಯ ವರ್ಷ, ಮೊದಲ ತಿಂಗಳು, ಇಪ್ಪತ್ತು

ನಾನ್‌ಶಾಕ್ಕೆ ಹೋಗಿ ಬಂದೆ. ದೋಣಿಯಲ್ಲಿ ಸುಮ್ಮನಿರಲಾರದೆ ದಾರಿಯುದ್ದಕ್ಕೂ ಬಟ್ಟೆಯ ಹಗ್ಗಕ್ಕೆ ಗುಂಡು ಕಟ್ಟಿ ಆಳ ನೋಡಿದೆ. ಆ ದಡದಲ್ಲಿ ನಾಲ್ಕು ಮಾರು ನೀರಿದೆ. ಹಗ್ಗದ ಮೂರೂ ಮಾರು ಮುಳುಗಿ, ಮೇಲೆ ಕಟ್ಟಿದ ಸೊಂಟದ ಪಟ್ಟಿಯೂ ಮುಳುಗಿತು. ಮಣ್ಣು ನಾಲಿಗೆಗಿಟ್ಟೆ. ಕಪ್ಪು ಜೇಡಿ, ಸ್ವಲ್ಪ ಒಗರು. ನಮ್ಮದೇ ಮಣ್ಣು. ಯಾರೂ ದೋಣಿಯಲ್ಲಿ ಹೊತ್ತು ತಂದದ್ದಲ್ಲ. ನದಿಯೇ ಮಗ್ಗುಲು ಬದಲಿಸಿದೆ.

ನುರಿ ಧಕ್ಕೆಯಲ್ಲಿ ಜೊಂಡಿನ ಹೊರೆ ಇಳಿಸುತ್ತಿದ್ದ. ನನ್ನನ್ನು ಕಂಡು ಹೊರೆ ಕೆಳಗಿಟ್ಟ. ನಮಸ್ಕರಿಸಲಿಲ್ಲ.

“ವಿಚಾರಣೇಲಿ ನನ್ನ ಭುಜ ನೋಡಿದ್ಯಲ್ಲ. ಗೊತ್ತಿತ್ತಲ್ಲ ನಿನಗೆ. ಯಾಕೆ ಹೇಳಲಿಲ್ಲ?”

“ಯಾರಿಗೆ ಹೇಳ್ಲಿ? ಪರದೇಶಿ ನಾನು. ಹಗ್ಗ ಕಟ್ಟೋದನ್ನ ಕದ್ದು ನೋಡಿದೆ ಅಂತ ನೀವೇ ಹೇಳಿದ್ರಿ. ಅದರ ಮೇಲೆ ಮಾವನ ತೋಳೇ ಮೋಟು ಅಂತ ನಾನು ಹೇಳಿದ್ರೆ ಇಪ್ಪತ್ತು ಏಟು ಬೀಳ್ತಿತ್ತು.”

“ಮನೇಲಾದ್ರೂ...”

“ತುದಿ ಹಿಡ್ಕೊಳ್ಲಾ ಅಂತ ಕೇಳಿದ್ನಲ್ಲ ಮಾವ. ಮುಲಾಮು ತಂದುಕೊಟ್ಟೆ. ಇನ್ನು ಹೇಗೆ ಹೇಳ್ಬೇಕಿತ್ತು?”

ತಪ್ಪಾಯಿತು ಎಂದೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರದ ಮಾತು ಅದು. ಅವನು ಹೊರೆ ಎತ್ತಿಕೊಳ್ಳಲು ಬಗ್ಗಿದ. ಅಂಗಿ ಸರಿದಾಗ ಬೆನ್ನಿನ ಬರೆಗಳು ಕಂಡವು.

ಎರಡನೆಯ ತಿಂಗಳ ಎರಡಕ್ಕೆ ಬಾ, ಊರ ಮುಂದೆ ಹೇಳುತ್ತೇನೆ ಎಂದೆ. ಧಕ್ಕೆಗೆ ಕಾಲಿಡಬಾರದು ಎಂದಿದ್ದಾರೆ ಎಂದ. ಗುಡಿ ಇರುವುದು ನೀರಿನಲ್ಲಿ, ಧಕ್ಕೆಯಲ್ಲಲ್ಲ ಎಂದೆ. ಅದಕ್ಕೆ ಸ್ವಲ್ಪ ನಕ್ಕನೋ, ಬಿಸಿಲಿಗೆ ಮುಖ ಕಿವುಚಿದನೋ.

ಸುಯ್ ಬಾಗಿಲು ತೆಗೆಯಲಿಲ್ಲ. ಒಳಗೆ ಮಗು ಅಳುತ್ತಿತ್ತು, ಗಟ್ಟಿ ಗಂಟಲು. ಸ್ವಲ್ಪ ಹೊತ್ತು ಹೊರಗೆ ನಿಂತು ಕೇಳಿಸಿಕೊಂಡು ಬಂದೆ.

ಮೊದಲ ತಿಂಗಳು, ಇಪ್ಪತ್ತೊಂದು

ಈ ಕಾಗದಗಳನ್ನು ಎರಡು ದಿನದಿಂದ ಕಿಟಕಿಯ ಹತ್ತಿರವೇ ಬಿಟ್ಟಿದ್ದೇನೆ. ಇವನ್ನು ಬಚ್ಚಿಡುತ್ತಿದ್ದ ಜಾಡಿಯಲ್ಲಿ ಚೀನಿಯಾಂಗ್ ಮೂಲಂಗಿಯನ್ನು ಉಪ್ಪಿಗೆ ಹಾಕಿದ್ದಾಳೆ. ಹಾಕಲಿ.

ಎರಡನೆಯ ತಿಂಗಳು, ಎರಡನೆಯ ದಿನ

ಜನ ಕಡಿಮೆ ಇದ್ದರು. ಹೋದ ವರ್ಷದ ಅರ್ಧವೂ ಇಲ್ಲ. ಪೂಜೆಯಾಯಿತು, ಪೆಯ್ ಹೊಸ ಹಗ್ಗ ನನ್ನ ಕೈಗೆ ಕೊಟ್ಟ. ಎಲ್ಲರೂ ನದಿಯ ಕಡೆ ತಿರುಗಿದರು.

“ತಿರುಗಬೇಡಿ,” ಎಂದೆ. “ಇವತ್ತು ನೋಡಿ.”

ಪೆಯ್ ಕೆಮ್ಮಿದ. ನಾನು ಹೋದ ವರ್ಷದ ಹಿಂದಿನ ಹಗ್ಗ, ಹೋದ ವರ್ಷದ ಹಗ್ಗ ಎರಡನ್ನೂ ಚಾಚಿ ಹಿಡಿದೆ. ಬಟ್ಟೆಯ ಹಗ್ಗಕ್ಕೆ ನನ್ನ ಒಳಚಡ್ಡಿಯ ಲಾಡಿಯೊಂದು ಇನ್ನೂ ಅಂಟಿಕೊಂಡಿತ್ತು. ಯಾರೋ ನಕ್ಕರು. ಆಮೇಲೆ ತೋಳು ಚಾಚಿದೆ. ಬಲಗೈ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೆ ನಿಂತಿತು. ನಗು ನಿಂತಿತು.

“ಹಡಗು ಕೂತಿದ್ದು ಈ ತೋಳಿಂದ. ಏಟು ತಿಂದೋನು ನನ್ನ ಅಳಿಯ. ಗಂಟು ಅವನು ಮುಟ್ಟಿರಲಿಲ್ಲ. ನಾನು ಹೇಳಿದ್ದನ್ನ ನೀವು ನಂಬಿದ್ರಿ, ಅವನು ಹೇಳಿದ್ದನ್ನ ನಾನೇ ನಂಬಲಿಲ್ಲ.”

ಪೆಯ್‌ಗೆ ಈಗ ಬೇರೆ ದಾರಿ ಇರಲಿಲ್ಲ, ಎಲ್ಲರೂ ಕೇಳಿಸಿಕೊಂಡಿದ್ದರು. ನುರಿಯ ಮೇಲಿನ ತಪ್ಪು ಅಳಿಸಿದ. ದೋಣಿ ಇನ್ನು ಮೇಲೆ ನನ್ನದಲ್ಲ ಎಂದ. ನನಗೆ ಹತ್ತು ಏಟು, ನಾಳೆ ಎಂದ.

ನುರಿ ಬಂದಿದ್ದ. ಗುಡಿಯ ಆಚೆ ಬದಿಯಲ್ಲಿ, ಧಕ್ಕೆಗೆ ಕಾಲಿಡದೆ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಅವನ ಹಿಂದೆ ದೋಣಿಯಲ್ಲಿ ಸುಯ್, ಮಡಿಲಲ್ಲಿ ಮಗು.

“ಸುಯ್ ಕಳಿಸಿದ್ಲು ಅಂತ ಬಂದೆ,” ಎಂದ.

ಹೊಸ ಹಗ್ಗವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಿಡಿದು, ನನ್ನನ್ನು ನೋಡಿದ.

“ಮಾವ, ಇಲ್ಲೇ ನಿಂತು ಸರಿಯಾಗಿ ನೋಡ್ಕೊಳ್ಳಿ. ಆಮೇಲೆ ಗಂಟು ಸರಿಸಿದೆ ಅನ್ಬೇಡಿ.”

ತಮಾಷೆಗೆ ಹೇಳಿದನೋ, ಚುಚ್ಚಿ ಹೇಳಿದನೋ, ಎರಡೂ ಇದ್ದಿರಬಹುದು. ಈ ಹೊಸ ಹಗ್ಗ ಎರಡೂವರೆ ಹೇಳಿತೆಂದರೆ ನಾಳೆಯಿಂದ ಲಿಯುಕೋಗೆ ದೊಡ್ಡ ಹಡಗು ಬರುವುದಿಲ್ಲ. ಅಲ್ಲಿ ನಿಂತಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಒಂದು ಗೇಣು ಅತ್ತಿತ್ತ ಮಾಡೋ ಮಾರಾಯ ಎಂದು ಒಳಗೊಳಗೇ ಬೇಡಿಕೊಂಡವರೂ ಇದ್ದಿರಬೇಕು.

ಪದ್ಧತಿ ಪದ್ಧತಿಯೇ, ಊರೆಲ್ಲ ಮತ್ತೆ ಬೆನ್ನು ಹಾಕಿತು. ನಾನು ಊರಿನವರ ಸಾಲಿಗೆ ಹೋಗಿ, ಚೀನಿಯಾಂಗ್ ಪಕ್ಕದಲ್ಲಿ ನಿಂತು, ನದಿಯ ಕಡೆ ತಿರುಗಿದೆ. ಇಪ್ಪತ್ತಾರು ವರ್ಷದಲ್ಲಿ ಇವರಿಗೆಲ್ಲ ಏನು ಕಾಣುತ್ತಿತ್ತೆಂದು ನಾನು ನೋಡಿರಲಿಲ್ಲ. ಎದುರು ದಡ, ನಾನ್‌ಶಾದ ಹಾಯಿಗಳು, ನಡುವೆ ನಮ್ಮ ಅಳಿವೆ. ಅಲ್ಲಿ ತಳದ ಮರಳಿಗೆ ನೀರು ಬೆಳ್ಳಗಿತ್ತು.

ಹಿಂದೆ ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಎಳೆಯುವ ಸದ್ದು ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಕುತ್ತಿಗೆ ತಿರುಗಿಸಬೇಕೆಂದು ಎರಡು ಸಲ ಅನಿಸಿತು. ತಿರುಗಿಸಲಿಲ್ಲ. ಗಂಟುಗಳನ್ನು ಎಣಿಸಲೂ ಇಲ್ಲ.